ಇಡುವ ಪ್ರತಿ, ಒಯ್ಯುವ ಪ್ರತಿ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಹೆಸರನ್ನು ಕೇಳದ ರೇಡಿಯೋ ಮನೆ ನಮ್ಮ ಜಿಲ್ಲೆಯಲ್ಲಿ ಇರಲಾರದು. ಕಾವೇರಿಯ ದಡದ ಆ ಸಣ್ಣ ಊರು ಸಂಗೀತಕ್ಕೆ ಕೊಟ್ಟಿರುವ ವಿದ್ವಾಂಸರ ಪಟ್ಟಿ ದೊಡ್ಡ ನಗರಗಳಿಗೂ ಹೆಮ್ಮೆ ತರುವಂಥದು. ೧೯೨೦ರಲ್ಲಿ ಅಲ್ಲಿ ಹುಟ್ಟಿ, ಆಕಾಶವಾಣಿಯಲ್ಲಿ ದೀರ್ಘಕಾಲ ದುಡಿದು, ೨೦೧೪ರಲ್ಲಿ ತೀರಿಕೊಂಡ ಆರ್. ಕೆ. ಶ್ರೀಕಂಠನ್, ಅವರ ಸೋದರ, ಪಿಟೀಲಿನ ಆರ್. ಕೆ. ವೆಂಕಟರಾಮ ಶಾಸ್ತ್ರಿಗಳು, ರುದ್ರಪಟ್ಟಣ ಸಹೋದರರೆಂದು ಜೋಡಿಯಾಗಿ ಹಾಡಿ ಹೆಸರಾದ ತ್ಯಾಗರಾಜನ್, ತಾರಾನಾಥನ್, ಊರಿನಲ್ಲಿ ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಸಿದ ಆರ್. ಕೆ. ಪದ್ಮನಾಭ. ಇಂಥವರ ಕಛೇರಿಗಳು ಬಾನುಲಿಯಲ್ಲಿ ಬಿತ್ತರವಾಗುತ್ತಿದ್ದ ರಾತ್ರಿಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಎಷ್ಟೋ ಮನೆಗಳಲ್ಲಿ ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟು ಕಾದವರುಂಟು. ಹಾಗೆ ಹಿಡಿದ ಕಛೇರಿಗಳ ಜೊತೆಗೇ ಮದುವೆ ಮನೆಯ ಹಸೆ ಹಾಡು, ಅಜ್ಜಿಯ ಬೀಸುವ ಪದ, ಶ್ರಾವಣದಲ್ಲಿ ನಡೆದ ಭಾರತ ವಾಚನ ಇವೂ ಕ್ಯಾಸೆಟ್ಟುಗಳನ್ನು ಸೇರಿದುವು.

ಈಗ ಆ ಕ್ಯಾಸೆಟ್ಟುಗಳು ಬೀರುವಿನ ಮೂಲೆಯಲ್ಲಿವೆ. ಅವನ್ನು ನುಡಿಸುವ ಯಂತ್ರ ಕೆಟ್ಟು ಕುಳಿತಿದೆ. ಕೆಟ್ಟದ್ದನ್ನು ಸರಿಮಾಡುತ್ತಿದ್ದವನು ಮೊಬೈಲು ಮಾರುತ್ತಿದ್ದಾನೆ. ಟೇಪಿನ ಮೇಲಿನ ಲೇಪವೂ ಕಾಲಕ್ರಮದಲ್ಲಿ ಸವೆದು ಉದುರುವಂಥದೇ. ಆದುದರಿಂದ, “ಎಲ್ಲವನ್ನೂ ಒಂದು ಮೆಮರಿ ಕಾರ್ಡಿಗೆ ಹಾಕಿಸಿಬಿಟ್ಟರೆ ಆಯಿತಲ್ಲವೆ? ಬಸ್ಸಿನಲ್ಲಿ ಹೋಗುವಾಗಲೂ ಕೇಳಬಹುದು” ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆಗುತ್ತದೆ. ಆದರೆ ಯಾವ ರೂಪದಲ್ಲಿ ಹಾಕಿಸುವುದು ಎಂಬುದನ್ನು ವಿಚಾರಿಸುವವರು ಕಡಮೆ. ಅಂಗಡಿಯವನು ಮಾಡಿಕೊಟ್ಟದ್ದೇ ರೂಪ, ಅಷ್ಟೆ.

ನನಗೆ ಪರಿಚಿತವಾದ ಒಂದು ಮನೆಯವರು ತಮ್ಮಲ್ಲಿದ್ದ ಸುಮಾರು ನಲವತ್ತು ಕ್ಯಾಸೆಟ್ಟುಗಳನ್ನು ಹೀಗೆ ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವನು ಅರವತ್ತು ಗಂಟೆಗಳ ಸಂಗೀತವನ್ನೂ ಒಂದು ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಹಿಡಿಸಿಕೊಟ್ಟ. ಮನೆಯವರು ಆತನ ಕೈಚಳಕವನ್ನು ಮೆಚ್ಚಿ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದರು. ಕೆಲವು ವರ್ಷಗಳ ಮೇಲೆ ಆ ಮನೆಯ ಹುಡುಗಿ ಸಂಗೀತ ಕಲಿಯತೊಡಗಿ, ಹಳೆಯ ತೋಡಿಯೊಂದನ್ನು ಕಿವಿಗೊಟ್ಟು ಕೇಳಲು ಕುಳಿತಳು. ತಂಬೂರಿ ನೀರಿನೊಳಗೆ ಮೀಟಿದಂತಿತ್ತು. ಗಮಕಗಳ ಅಂಚು ಕರಗಿಹೋಗಿತ್ತು. ಪರೀಕ್ಷಿಸಿ ನೋಡಿದರೆ ಎಲ್ಲವೂ ಸೆಕೆಂಡಿಗೆ ೩೨ ಕಿಲೋಬಿಟ್ಟಿನ ಎಂಪಿ೩ಗಳು. ಮತ್ತೆ ಮಾಡಿಸೋಣವೆಂದರೆ ಮೂಲವೇ ಇಲ್ಲ.

ಒಯ್ಯುವುದಕ್ಕೆ ಮಾಡಿಕೊಂಡ ಪ್ರತಿಯನ್ನೇ ಇಡುವ ಪ್ರತಿಯೆಂದು ನಂಬಿದ್ದರಿಂದ ಆದ ನಷ್ಟ ಇದು. ಇವೆರಡೂ ಬೇರೆ ಬೇರೆ ಎಂಬುದನ್ನು ತಿಳಿಯಬೇಕಾದರೆ ಈ ರೂಪಗಳೆಂದರೇನು ಎಂಬುದನ್ನು ಸ್ವಲ್ಪ ನೋಡಬೇಕು.

ಶಬ್ದವೆಂದರೆ ಗಾಳಿಯ ಅಲೆ. ಗ್ರಾಮಫೋನ್ ತಟ್ಟೆಯಲ್ಲಿ ಆ ಅಲೆಯೇ ಗೆರೆಯಾಗಿ ಕೊರೆದುಕೊಳ್ಳುತ್ತಿತ್ತು. ಟೇಪಿನಲ್ಲಿ ಕಾಂತಶಕ್ತಿಯ ಏರಿಳಿತವಾಗಿ ಕೂಡುತ್ತಿತ್ತು. ಡಿಜಿಟಲ್ ಮುದ್ರಣದಲ್ಲಾದರೋ ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆದು, ಅಳತೆಯನ್ನು ಅಂಕಿಯಾಗಿ ಬರೆದಿಡುತ್ತಾರೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦ ಸಲ ಅಳೆಯುವುದೆಂದೂ, ಒಂದೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆಯುವುದೆಂದೂ ಗೊತ್ತುಮಾಡಿದರು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ನಾದವನ್ನು ಹಿಡಿಯಬಲ್ಲುದು; ಒಂದು ಕಂಪನವನ್ನು ಸರಿಯಾಗಿ ಗುರುತಿಸಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು; ಆ ಲೆಕ್ಕದಿಂದ ಬಂದ ಸಂಖ್ಯೆ ಇದು. ಐವತ್ತು ದಾಟಿದ ನನ್ನಂಥವರಿಗೆ ಅಷ್ಟೆತ್ತರದ ನಾದ ಕೇಳಿಸುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಅವರಿಗೆ ಕೇಳಿಸೀತು.

ಎಡ ಬಲ ಎರಡು ವಾಹಿನಿಗಳನ್ನೂ ಸೇರಿಸಿ ಗುಣಿಸಿದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್ಟುಗಳು. ನಿಮಿಷಕ್ಕೆ ಹತ್ತು ಮೆಗಾಬೈಟಿಗಿಂತ ತುಸು ಹೆಚ್ಚು. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು ೯೫೦ ಮೆಗಾಬೈಟ್. ಹೀಗೆ ಏನನ್ನೂ ಅಡಕ ಮಾಡದೆ ಬರೆದಿಟ್ಟ ಕಡತಕ್ಕೆ ವೇವ್ ಎಂದು ಹೆಸರು. ನಿಷ್ಠಾವಂತ ರೂಪ, ಆದರೆ ಸ್ಥೂಲಕಾಯ. ಇದನ್ನು ಚಿಕ್ಕದು ಮಾಡುವ ಮಾರ್ಗಗಳು ಎರಡು.

ಮೊದಲನೆಯದನ್ನು ನಮ್ಮ ಕೀರ್ತನೆ ಪುಸ್ತಕಗಳಲ್ಲಿಯೇ ಕಾಣಬಹುದು. ಪಲ್ಲವಿಯನ್ನು ಒಮ್ಮೆ ಪೂರ್ತಿಯಾಗಿ ಅಚ್ಚುಮಾಡುತ್ತಾರೆ; ಆಮೇಲೆ ಚರಣಚರಣದ ಕೊನೆಯಲ್ಲೂ ‘ಪ’ ಎಂಬ ಒಂದೇ ಅಕ್ಷರವನ್ನು ಎರಡು ಗೆರೆಗಳ ನಡುವೆ ಹಾಕುತ್ತಾರೆ. ಕಾಗದ ಉಳಿಯಿತು, ಹಾಡುವವನಿಗೆ ಒಂದಕ್ಷರವೂ ಕಳೆಯಲಿಲ್ಲ. ಇದು ನಷ್ಟವಿಲ್ಲದ ಅಡಕ. ೨೦೦೧ರಲ್ಲಿ ಬಂದ ಫ್ಲ್ಯಾಕ್ ಎಂಬ ರೂಪ ಈ ಜಾತಿಯದು. ಮುಂದಿನ ಅಳತೆ ಹಿಂದಿನವುಗಳನ್ನು ನೋಡಿದರೆ ಇಷ್ಟಿರಬೇಕೆಂದು ಅದು ಊಹಿಸಿ, ಊಹೆಗೂ ನಿಜಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಮಾತ್ರ ಬರೆದಿಡುತ್ತದೆ. ಬಿಚ್ಚಿದಾಗ ಮೊದಲಿನ ಅಂಕಿಗಳೇ ತಪ್ಪದೆ ಬರುತ್ತವೆ. ಗಾತ್ರ ಸುಮಾರಾಗಿ ವೇವ್‌ನ ಅರ್ಧದಿಂದ ಮೂರರಲ್ಲೆರಡು ಪಾಲು. ಟೇಪಿನ ‘ಹಿಸ್’ ಎಂಬ ಸದ್ದು ಹೆಚ್ಚಾಗಿದ್ದಷ್ಟೂ ಗಾತ್ರ ಹೆಚ್ಚು, ಏಕೆಂದರೆ ಗೊಂದಲವನ್ನು ಯಾರೂ ಊಹಿಸಲಾರರು. ಫ್ಲ್ಯಾಕ್ ಯಾರ ಸ್ವತ್ತೂ ಅಲ್ಲ, ಬಳಸಲು ಹಣ ಕೊಡಬೇಕಾದುದಿಲ್ಲ; ೨೦೨೪ರ ಡಿಸೆಂಬರಿನಲ್ಲಿ ಅದರ ಲಕ್ಷಣಗಳನ್ನು ಅಂತರಜಾಲದ ಶಿಷ್ಟಮಾನಗಳಲ್ಲಿ ಒಂದಾಗಿಯೂ ಪ್ರಕಟಿಸಿದರು.

ಎರಡನೆಯ ಮಾರ್ಗ ಬೇರೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ದೇವಸ್ಥಾನದ ಬೀದಿಯಲ್ಲಿ ಡೊಳ್ಳು ಬಡಿಯುತ್ತಿರುವಾಗ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ. ಮಾತನ್ನು ಆಡಿದ್ದು ನಿಜ, ಗಾಳಿಯಲ್ಲಿ ಅಲೆ ಎದ್ದದ್ದೂ ನಿಜ. ಕಿವಿಗೆ ಮಾತ್ರ ಮುಟ್ಟಲಿಲ್ಲ. ಹಾಗಾದರೆ ಮುಟ್ಟದ ಅಲೆಯನ್ನು ಬರೆದಿಡುವ ಕಷ್ಟವೇಕೆ? ಈ ಯುಕ್ತಿಯ ಮೇಲೆ ನಿಂತದ್ದು ಎಂಪಿ೩. ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಶ್ರಮಿಸಿ ರೂಪಿಸಿದ ಈ ವಿಧಾನಕ್ಕೆ ೧೯೯೫ರ ಜುಲೈಯಲ್ಲಿ ಈ ಹೆಸರಿನ ಬಾಲ ಅಂಟಿತು. ಅವರು ಪರೀಕ್ಷೆಗೆ ಆರಿಸಿಕೊಂಡ ಮುದ್ರಿಕೆಗಳಲ್ಲಿ ಅಮೆರಿಕದ ಗಾಯಕಿ ಸೂಸನ್ ವೇಗಾ ಯಾವ ವಾದ್ಯವೂ ಇಲ್ಲದೆ ಹಾಡಿದ ಒಂದು ಹಾಡೂ ಇತ್ತು. ಒಂಟಿ ಕಂಠದಲ್ಲಿ ದೋಷವನ್ನು ಬಚ್ಚಿಡಲು ಡೊಳ್ಳಿನ ಸದ್ದಿಲ್ಲ. ತುಸು ಹೆಚ್ಚುಕಡಮೆಯಾದರೂ ಕಿವಿ ಹಿಡಿಯುತ್ತದೆ. ನಮ್ಮ ಗಮಕ ವಾಚನವೂ ಇಂಥ ಒಂಟಿ ಕಂಠವೇ ಅಲ್ಲವೆ? ಸಿನಿಮಾ ಹಾಡಿಗೆ ಸಾಲುವ ಅಡಕ ಭಾರತ ವಾಚನಕ್ಕೆ ಸಾಲದೆ ಹೋಗುವುದು ಇದರಿಂದಲೇ.

ಎಷ್ಟು ಬಿಡುವುದು, ಎಷ್ಟು ಉಳಿಸುವುದು ಎಂಬುದನ್ನು ಸೆಕೆಂಡಿಗೆ ಇಷ್ಟು ಕಿಲೋಬಿಟ್ಟೆಂದು ನಾವೇ ಗೊತ್ತುಮಾಡಬೇಕು. ೩೨೦ ಎಂಬುದು ಎಂಪಿ೩ರ ಪರಮಾವಧಿ, ಅದನ್ನೂ ಸಿ.ಡಿ.ಯನ್ನೂ ಪಕ್ಕಪಕ್ಕದಲ್ಲಿಟ್ಟು ಭೇದ ಹೇಳಬಲ್ಲವರು ಅಪರೂಪ. ೧೯೨ ಮನೆಬಳಕೆಗೆ ಚೆನ್ನ. ೧೨೮ ನಡೆಯುತ್ತದೆ. ಅದರ ಕೆಳಕ್ಕೆ ಹೋದಂತೆ ನಮ್ಮ ಸಂಗೀತಕ್ಕೆ ಬೀಳುವ ಪೆಟ್ಟುಗಳು ವಿಚಿತ್ರವಾದುವು. ಎಂಪಿ೩ ನಾದವನ್ನು ಸಣ್ಣ ಸಣ್ಣ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ೧,೧೫೨ ಅಳತೆಗಳಿಗೆ ಒಂದು ತುಂಡು, ಎಂದರೆ ಸೆಕೆಂಡಿನ ಸುಮಾರು ನಲವತ್ತರಲ್ಲೊಂದು ಪಾಲು. ಮೃದಂಗದ ಚಾಪು ಆ ತುಂಡಿನ ನಡುವೆ ಬಿದ್ದರೆ, ಅಡಕದಿಂದ ಹುಟ್ಟಿದ ಕಸದ ಸದ್ದು ತುಂಡಿನ ಉದ್ದಕ್ಕೂ ಹರಡಿ, ಪೆಟ್ಟಿಗೆ ಮುಂಚೆಯೇ ಒಂದು ‘ಹುಸ್’ ಎಂಬ ನೆರಳನ್ನು ಕೇಳಿಸುತ್ತದೆ. ಪೆಟ್ಟಿನ ಮೊನೆ ಮೊಂಡಾಗುತ್ತದೆ. ತಂಬೂರಿಯ ಜೀವಾಳದಿಂದ ಏಳುವ ಸೂಕ್ಷ್ಮ ಸ್ವರಾಂಶಗಳೋ ಎಡೆಬಿಡದೆ ಮಿನುಗುವಂಥವು. ಬಿಟ್ಟು ಸಾಲದಾದಾಗ ಯಂತ್ರ ಅವುಗಳಲ್ಲಿ ಒಂದನ್ನು ಹಿಡಿಯುತ್ತದೆ, ಇನ್ನೊಂದನ್ನು ಬಿಡುತ್ತದೆ, ಮರುಕ್ಷಣ ಬಿಟ್ಟದ್ದನ್ನು ಹಿಡಿಯುತ್ತದೆ. ಆಗಲೇ ನೀರೊಳಗಿನ ಸದ್ದು ಬರುವುದು.

ಇನ್ನು ನಮ್ಮ ಉಚ್ಚಾರಣೆಯ ವಿಚಾರ. ಇದರಲ್ಲಿ ನನಗೆ ಸ್ವಲ್ಪ ಪಕ್ಷಪಾತವುಂಟು. ಸಕಾರ, ಶಕಾರಗಳ ಊಷ್ಮಧ್ವನಿ ಬಹುಮಟ್ಟಿಗೆ ಎತ್ತರದ ಕಂಪನಗಳಲ್ಲಿರುತ್ತದೆ. ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಮಾತನ್ನು ಮುದ್ರಿಸಿದರೆ ಎ.ಎಂ.ಆರ್. ಎಂಬ ರೂಪದಲ್ಲಿ ಕೂಡುತ್ತಿತ್ತು. ಅದರಲ್ಲಿ ಸುಮಾರು ೩,೪೦೦ ಕಂಪನಗಳ ಮೇಲಿನದೆಲ್ಲ ಹೋಗಿಬಿಡುತ್ತದೆ. ಟೆಲಿಫೋನಿನ ಮಾತಿಗಾಗಿ ಮಾಡಿದ ರೂಪ ಅದು. ಅಂಥ ಫೋನಿನಲ್ಲಿ ಹಿಡಿದ ವಾಚನವನ್ನು ಕೇಳಿ, ಗಮಕಿಗೆ ಸಕಾರ ಶಕಾರಗಳ ಭೇದ ತಿಳಿಯದೆಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಅಪರಾಧ ಕಡತದ್ದು. ಆದರೂ ಅಜ್ಜಿಯ ದನಿ ಅದೊಂದರಲ್ಲಿಯೇ ಉಳಿದಿದ್ದರೆ ಆ ಎ.ಎಂ.ಆರ್. ಕಡತವೇ ನಿಮ್ಮ ಮೂಲಪ್ರತಿ. ಹಾಗೆಯೇ ಜೋಪಾನ ಮಾಡಿ, ಕೇಳುವುದಕ್ಕೆ ಬೇರೆ ಎಂಪಿ೩ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ದನಿಯ ಸಂದೇಶಕ್ಕೂ ಇದೇ ಮಾತು. ಅದು ಓಪಸ್ ಎಂಬ ರೂಪದಲ್ಲಿರುತ್ತದೆ. ೨೦೧೨ರಲ್ಲಿ ಶಿಷ್ಟಮಾನವಾದ ಈ ರೂಪ ಕಡಮೆ ಬಿಟ್ಟುಗಳಲ್ಲಿ ಎಂಪಿ೩ಗಿಂತ ಬಹಳ ಮೇಲು, ಆದರೆ ಸಂತೆಯಲ್ಲಿ ಕೊಂಡ ಪೆಟ್ಟಿಗೆ ಅದನ್ನು ಸಾಮಾನ್ಯವಾಗಿ ಓದಲಾರದು.

ತಾಳೆಗರಿಯ ಪ್ರತಿಗಳ ವಿಚಾರ ಬಲ್ಲವರಿಗೆ ಮುಂದಿನ ಮಾತು ಹೊಸದಲ್ಲ. ಮೂಲವನ್ನು ನೋಡಿ ಬರೆದ ಲಿಪಿಕಾರನ ತಪ್ಪು ಅವನೊಬ್ಬನದು. ಅವನ ಪ್ರತಿಯನ್ನು ನೋಡಿ ಬರೆದವನಲ್ಲಿ ಅವನದೂ ಸೇರುತ್ತದೆ, ತನ್ನದೂ ಸೇರುತ್ತದೆ. ಎಂಪಿ೩ಯನ್ನು ಬಿಚ್ಚಿ ಮತ್ತೆ ಎಂಪಿ೩ ಮಾಡಿದರೆ ನಡೆಯುವುದು ಇದೇ. ೧೨೮ರ ಕಡತವನ್ನು ೩೨೦ಕ್ಕೆ ಏರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಗಾತ್ರ ಏರುತ್ತದೆ, ಕಳೆದ ನಾದ ಬರುವುದಿಲ್ಲ. ಎಂಪಿ೩ಯನ್ನು ಫ್ಲ್ಯಾಕ್ ಮಾಡಿದರೂ ಅಷ್ಟೆ. ಫ್ಲ್ಯಾಕಿನಿಂದ ಎಂಪಿ೩ ಮಾಡಬಹುದು, ಬೇಕಾದಷ್ಟು ಸಲ ಹೊಸದಾಗಿ ಮಾಡಬಹುದು. ಹಿಂದಕ್ಕೆ ಹೋಗುವ ದಾರಿ ಮಾತ್ರ ಇಲ್ಲ.

ಆದುದರಿಂದ ಕ್ಯಾಸೆಟ್ಟಿನಿಂದ ಇಳಿಸುವಾಗ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿಯೇ ಇಳಿಸಿಕೊಡಬೇಕೆಂದು ಅಂಗಡಿಯವನಿಗೆ ಮೊದಲೇ ಹೇಳಬೇಕು. ೪೪,೧೦೦ ಅಳತೆ, ೧೬ ಬಿಟ್ಟು ಸಾಕು; ಇಳಿಸುವಾಗ ೨೪ ಬಿಟ್ಟು ಇಟ್ಟುಕೊಂಡರೆ ದನಿಯ ಮಟ್ಟವನ್ನು ಆಮೇಲೆ ಸರಿಪಡಿಸಲು ಅನುಕೂಲ. ಸೆಕೆಂಡಿಗೆ ೯೬,೦೦೦, ೧,೯೨,೦೦೦ ಎಂದು ಹೊಗಳುವ ದುಬಾರಿ ಯಂತ್ರಗಳು ಕ್ಯಾಸೆಟ್ಟಿನ ಸಂಗೀತಕ್ಕೆ ಅನಾವಶ್ಯಕ. ಟೇಪಿನಲ್ಲಿ ಇಲ್ಲದ್ದನ್ನು ಅವೂ ತರಲಾರವು. ಮನೆಯಲ್ಲಿಯೇ ಮಾಡಬಲ್ಲ ಮಕ್ಕಳಿದ್ದರೆ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಈ ಕೆಲಸವಾಗುತ್ತದೆ. ಮಟ್ಟ ಸೂಚಿಸುವ ಪಟ್ಟಿ ಕೆಂಪಿಗೆ ಮುಟ್ಟದಂತೆ ನೋಡಿಕೊಳ್ಳಬೇಕು; ಮುಟ್ಟಿದಲ್ಲಿ ಅಲೆಯ ತಲೆ ಕತ್ತರಿಸಿದಂತೆ, ಅದನ್ನು ಮತ್ತೆ ಕೂಡಿಸಲಾಗುವುದಿಲ್ಲ. ಹೀಗೆ ಇಳಿಸಿದ್ದು ಇಡುವ ಪ್ರತಿ. ಇದನ್ನು ಎರಡು ಕಡೆ ಇಡಬೇಕು: ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿರುವ ಮಗನ ಮನೆಯಲ್ಲೋ ಮೈಸೂರಿನ ತಂಗಿಯ ಮನೆಯಲ್ಲೋ. ಮೆಮರಿ ಕಾರ್ಡನ್ನು ನಂಬಿ ಬೀರುವಿನಲ್ಲಿಟ್ಟು ಮರೆಯುವುದು ಸಲ್ಲದು. ಅದು ಒಯ್ಯುವುದಕ್ಕೆ ಇರುವ ವಸ್ತು.

ಇನ್ನು ಒಯ್ಯುವ ಪ್ರತಿ. ಇಲ್ಲಿ ಶುದ್ಧಿಗಿಂತ ಹೊಂದಿಕೆ ಮುಖ್ಯ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ರೈಲಿನಲ್ಲಿ, ಕಿಟಕಿ ತೆರೆದು ಕುಳಿತು, ಕೈಯಗಲದ ಪೆಟ್ಟಿಗೆಯಲ್ಲಿ ಕೇಳುವವನಿಗೆ ಫ್ಲ್ಯಾಕೂ ೧೯೨ರ ಎಂಪಿ೩ಯೂ ಒಂದೇ. ಎಂಪಿ೩ಯನ್ನು ಓದದ ಯಂತ್ರವನ್ನು ನಾನು ಕಂಡಿಲ್ಲ: ಕಾರ್ಡು ಸಿಕ್ಕಿಸುವ ಪೆಟ್ಟಿಗೆ, ಕಾರಿನ ಸ್ಟೀರಿಯೋ, ಟ್ರಾಕ್ಟರಿನದು, ಎಲ್ಲವೂ ಓದುತ್ತವೆ. ೨೦೧೭ರ ಏಪ್ರಿಲಿನಲ್ಲಿ ಅದರ ಪೇಟೆಂಟಿನ ಪರವಾನಗಿ ವ್ಯವಸ್ಥೆ ಮುಗಿದಾಗ ಎಂಪಿ೩ ಸತ್ತಿತೆಂದು ಬರೆದ ಪತ್ರಿಕೆಗಳುಂಟು. ಆದದ್ದು ತದ್ವಿರುದ್ಧ; ಅದು ಎಲ್ಲರ ಸ್ವತ್ತಾಯಿತು. ೧೯೯೭ರಲ್ಲಿ ಬಂದ ಎ.ಎ.ಸಿ. ಅದೇ ಗಾತ್ರದಲ್ಲಿ ಎಂಪಿ೩ಗಿಂತ ತುಸು ಚೆನ್ನಾಗಿ ಕೇಳಿಸುತ್ತದೆ. ೨೦೦೧ರಿಂದ ೨೦೨೨ರವರೆಗೆ ಮಾರಾಟವಾದ ಐಪಾಡ್ ಎಂಬ ಕಿಸೆಯ ಯಂತ್ರ ಅದನ್ನು ಜನಪ್ರಿಯಗೊಳಿಸಿತು. ಫೋನಿನಲ್ಲಿ ಮಾತ್ರ ಕೇಳುವವರು ಅದನ್ನು ಆರಿಸಬಹುದು. ಫೋನುಗಳಲ್ಲಿ ಫ್ಲ್ಯಾಕ್ ಕೂಡ ನುಡಿಯುತ್ತದೆ: ಆಂಡ್ರಾಯ್ಡಿನಲ್ಲಿ ೨೦೧೧ರಿಂದ, ಐಫೋನಿನಲ್ಲಿ ೨೦೧೭ರಿಂದ. ಆದರೆ ಅದನ್ನು ಬ್ಲೂಟೂತಿನ ಕಿವಿಯುಲಿಯಲ್ಲಿ ಕೇಳಿದರೆ, ಫೋನಿನಿಂದ ಕಿವಿಗೆ ಹೋಗುವ ದಾರಿಯಲ್ಲಿ ಸಾಮಾನ್ಯವಾಗಿ ಮತ್ತೊಮ್ಮೆ ನಷ್ಟದ ಅಡಕವಾಗಿಯೇ ಹೋಗುತ್ತದೆ. ಹಣ ಕೊಟ್ಟು ಶುದ್ಧಿಯನ್ನು ಕೊಂಡು, ದಾರಿಯಲ್ಲಿ ಚೆಲ್ಲಿದಂತೆ.

ಗಾತ್ರದ ಭಯವಂತೂ ಈಗ ಬೇಡ. ೧೯೯೮ರಲ್ಲಿ ಮೊದಲು ಬಂದ ಕಿಸೆಯ ಎಂಪಿ೩ ಯಂತ್ರಗಳಲ್ಲಿ ಇದ್ದದ್ದು ೩೨ ಮೆಗಾಬೈಟ್. ೧೨೮ರ ಲೆಕ್ಕದಲ್ಲಿ ಅರ್ಧ ಗಂಟೆಯ ಸಂಗೀತ. ಆಗ ಹಿಂಡಿ ಹಿಂಡಿ ತುಂಬುವುದಕ್ಕೆ ಅರ್ಥವಿತ್ತು. ಇಂದಿನ ೩೨ ಗಿಗಾಬೈಟಿನ ಕಾರ್ಡಿನಲ್ಲಿ ೧೯೨ರ ಎಂಪಿ೩ ಸುಮಾರು ೩೭೦ ಗಂಟೆ ಹಿಡಿಯುತ್ತದೆ. ದಿನಕ್ಕೊಂದು ಗಂಟೆ ಕೇಳಿದರೂ ವರ್ಷ ಕಳೆಯುತ್ತದೆ. ಹೀಗಿರುವಾಗ ೩೨ ಕಿಲೋಬಿಟ್ಟಿಗೆ ಇಳಿಸುವ ಜಿಪುಣತನ ಯಾರಿಗಾಗಿ?

ಮಧ್ಯಮತರಂಗದ ರೇಡಿಯೋದಿಂದ ಹಿಡಿದ ಕಛೇರಿಗಳ ವಿಚಾರದಲ್ಲಿ ಒಂದು ಸೌಕರ್ಯವುಂಟು. ಆ ಪ್ರಸಾರ ಒಂದೇ ವಾಹಿನಿಯದು. ಎಡ ಬಲಗಳ ಭೇದವಿಲ್ಲ. ಅದನ್ನು ಸ್ಟೀರಿಯೋ ಎಂದು ಅಡಕ ಮಾಡಿದರೆ ಇರುವ ಬಿಟ್ಟುಗಳನ್ನು ಒಂದೇ ಮಾತನ್ನು ಎರಡು ಸಲ ಹೇಳಲು ಖರ್ಚುಮಾಡಿದ ಹಾಗೆ. ‘ಮೋನೋ’ ಎಂದು ಆರಿಸಿದರೆ ೯೬ ಅಥವಾ ೧೨೮ರಲ್ಲಿಯೇ ಕೇಳಲು ಸೊಗಸಾಗಿರುತ್ತದೆ. ಮನೆಯಲ್ಲಿ ಒಂದೇ ಮೈಕಿನಿಂದ ಹಿಡಿದ ಹಾಡುಗಳಿಗೂ ಇದು ಸಲ್ಲುತ್ತದೆ.

ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಕಡತಗಳಾಗಿ ಕತ್ತರಿಸುವ ಚಾಳಿ ಕೆಲವರಿಗಿದೆ. ಎಂಪಿ೩ ಪ್ರತಿ ಕಡತದ ಹಿಂದೆ ಮುಂದೆ ಚೂರು ಮೌನವನ್ನು ತಾನೇ ಸೇರಿಸುತ್ತದೆ. ಸಾಮಾನ್ಯ ಪೆಟ್ಟಿಗೆಗಳು ಅದನ್ನು ತೆಗೆದುಹಾಕುವುದಿಲ್ಲ. ಶ್ರುತಿ ಎಡೆಬಿಡದೆ ಸಾಗುತ್ತಿರುವಾಗ ತಂಬೂರಿಗೆ ಬಿಕ್ಕಳಿಕೆ ಬಂದಂತೆ ಆಗುತ್ತದೆ. ಕಛೇರಿಯನ್ನು ಚಪ್ಪಾಳೆ ಬಿದ್ದಲ್ಲಿ ಕತ್ತರಿಸಿದರೆ ಬಾಧೆಯಿಲ್ಲ. ಹಾಗೆಯೇ ಕಾರ್ಡು ಕೊಳ್ಳುವಾಗ ೩೨ ಗಿಗಾಬೈಟಿನದೇ ಇರಲಿ; ೬೪ ಮತ್ತು ಅದಕ್ಕೆ ಮೇಲಿನವು ಬೇರೆ ಬಗೆಯ ಅಂಕಣದಲ್ಲಿ ಸಿದ್ಧವಾಗಿ ಬರುವುದರಿಂದ ಎಷ್ಟೋ ಪೆಟ್ಟಿಗೆಗಳು ಅವನ್ನು ಗುರುತಿಸುವುದೇ ಇಲ್ಲ. ಕಡಮೆ ಬೆಲೆಯ ಅನೇಕ ಪೆಟ್ಟಿಗೆಗಳು ಕಡತಗಳನ್ನು ಹೆಸರಿನ ಕ್ರಮದಲ್ಲಿ ನುಡಿಸದೆ, ಕಾರ್ಡಿಗೆ ಹಾಕಿದ ಕ್ರಮದಲ್ಲಿ ನುಡಿಸುತ್ತವೆ. ಭಾರತದ ಸಂಧಿಗಳನ್ನು ಒಂದಾದ ಮೇಲೊಂದರಂತೆ ತಾಳ್ಮೆಯಿಂದ ಹಾಕದಿದ್ದರೆ ದ್ರೌಪದಿಯ ಸ್ವಯಂವರಕ್ಕೆ ಮುಂಚೆ ಸಭೆಯಲ್ಲಿ ಸೀರೆ ಸೆಳೆದಾಗುತ್ತದೆ. ಕನ್ನಡದಲ್ಲಿ ಬರೆದ ಹೆಸರು ಇವುಗಳ ಪುಟ್ಟ ಪರದೆಯ ಮೇಲೆ ಚೌಕಗಳಾಗಿ ಕಂಡರೆ ಗಾಬರಿ ಬೇಡ, ಒಯ್ಯುವ ಪ್ರತಿಗೆ ೦೧, ೦೨ ಎಂಬ ಅಂಕಿಯೇ ಸಾಕು.

ಇಡುವ ಪ್ರತಿಗೆ ಮಾತ್ರ ಅಂಕಿ ಸಾಲದು. ಫ್ಲ್ಯಾಕ್ ಕಡತದೊಳಗೆ ಹಾಡಿದವರು, ಪಕ್ಕವಾದ್ಯದವರು, ರಾಗ, ದಿನಾಂಕ ಇವನ್ನೆಲ್ಲ ಕನ್ನಡ ಲಿಪಿಯಲ್ಲಿಯೇ, ಎಷ್ಟು ಉದ್ದವಾದರೂ, ಬರೆದಿಡಲು ಜಾಗವಿದೆ. ವೇವ್‌ನಲ್ಲಿ ಈ ಸೌಕರ್ಯವನ್ನು ನೆಚ್ಚುವಂತಿಲ್ಲ. ಇಡುವುದಕ್ಕೆ ಎರಡರಲ್ಲಿ ಫ್ಲ್ಯಾಕನ್ನೇ ನಾನು ಮೇಲೆಂದು ಹೇಳುವುದಕ್ಕೆ ಇದೂ ಒಂದು ಕಾರಣ. ಕ್ಯಾಸೆಟ್ಟಿನ ಚೀಟಿಯ ಮೇಲಿನ ಶಾಯಿ ಮಾಸಿಹೋಗಿದ್ದರೆ, ಕಛೇರಿಯ ಆರಂಭದಲ್ಲಿ ಉದ್ಘೋಷಕರು ಹೇಳಿದ ಮಾತುಗಳನ್ನು ಕೇಳಿ ಬರೆದುಕೊಳ್ಳಬಹುದು. ಆ ಮಾತುಗಳು ಸಂಗೀತವಲ್ಲವೆಂದು ಅಂಗಡಿಯವನು ಕತ್ತರಿಸಲು ಬಂದರೆ ಕೈ ಹಿಡಿಯಿರಿ; ಪಿಟೀಲು ಯಾರದು, ಮೃದಂಗ ಯಾರದು ಎಂಬುದು ಎಷ್ಟೋ ಸಲ ಅಲ್ಲೊಂದು ಕಡೆ ಬಿಟ್ಟು ಬೇರೆಲ್ಲಿಯೂ ಉಳಿದಿರುವುದಿಲ್ಲ.